ಗ್ರಂಥಾಲಯ ಕಟ್ಟಿದ ಥಾಮಸ್ ಜೆಫರ್ಸನ್

ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ ಮಾಂಟಿಸೆಲೊ ಎಂಬ ಗುಡ್ಡವಿದೆ. ಆ ಗುಡ್ಡದಲ್ಲಿ ಥಾಮಸ್ ಜೆಫರ್ಸನನ ಮನೆಯೂ ಇದೆ, ಗೋರಿಯೂ ಇದೆ. ಎರಡು ಅವಧಿ ಅಮೆರಿಕದ ಅಧ್ಯಕ್ಷನಾಗಿದ್ದ ಈತ, ತನ್ನ ಗೋರಿಯ ಕಲ್ಲಿನಲ್ಲಿ ಏನು ಕೆತ್ತಬೇಕೆಂಬುದನ್ನು ಬದುಕಿದ್ದಾಗಲೇ ಬರೆದಿಟ್ಟಿದ್ದನು. ಸ್ವಾತಂತ್ರ್ಯ ಘೋಷಣೆಯನ್ನು ಬರೆದದ್ದು, ವರ್ಜೀನಿಯಾದ ಮತಸ್ವಾತಂತ್ರ್ಯ ಶಾಸನವನ್ನು ರಚಿಸಿದ್ದು, ವರ್ಜೀನಿಯಾ ವಿಶ್ವವಿದ್ಯಾನಿಲಯವನ್ನು ಹುಟ್ಟಿಸಿದ್ದು, ಈ ಮೂರೇ ಸಂಗತಿಗಳು ಅಲ್ಲಿವೆ. ಅಧ್ಯಕ್ಷ ಪದವಿಯ ಸುದ್ದಿಯೇ ಇಲ್ಲ.

ಮೊದಲಿನ ಎರಡು ಕೆಲಸಗಳನ್ನು ಚರಿತ್ರೆಯ ಪಾಠದಲ್ಲಿ ಓದಿದವರು ನಮ್ಮಲ್ಲಿ ಅನೇಕರಿದ್ದಾರೆ. ಮೂರನೆಯದರ ಕಥೆ ಅಷ್ಟಾಗಿ ತಿಳಿದದ್ದಲ್ಲ. ಅದರಲ್ಲಿಯೂ ಆ ಹೊಸ ವಿಶ್ವವಿದ್ಯಾನಿಲಯಕ್ಕೆ ಪುಸ್ತಕಗಳನ್ನು ಕೂಡಿಸಲು ಆತ ಪಟ್ಟ ಪಾಡನ್ನು ಕೇಳಿದವರು ಇನ್ನೂ ಕಡಿಮೆ. ಬೇಕಾದ ಭಾಷೆಯ ಪುಸ್ತಕ ಬೇಕಾದಾಗ ಕೈಗೆ ಸಿಗದ ಊರಿನಲ್ಲಿ ಮಕ್ಕಳಿಗೆ ಪಾಠ ಹೇಳುವ ನಮ್ಮಂಥವರಿಗೆ ಆ ಕಥೆ ಬಹಳ ಹತ್ತಿರದ್ದೆಂದು ತೋರುತ್ತದೆ. ಅದರಲ್ಲಿ ಮೆಚ್ಚತಕ್ಕದ್ದು ಇರುವಂತೆ, ನೋಯತಕ್ಕದ್ದೂ ಇದೆ. ಎರಡನ್ನೂ ಹೇಳಬೇಕಾಗಿದೆ.

ಮೊದಲ ಬೆಂಕಿ

ಜೆಫರ್ಸನ್ ಹುಟ್ಟಿದ್ದು 1743ರ ಏಪ್ರಿಲ್ 13ರಂದು, ವರ್ಜೀನಿಯಾದ ಶ್ಯಾಡ್‌ವೆಲ್ ಎಂಬ ತೋಟದ ಮನೆಯಲ್ಲಿ. ತಂದೆ ಪೀಟರ್ ಜೆಫರ್ಸನ್ ಭೂಮಿ ಅಳೆಯುವ ವೃತ್ತಿಯವನು. ಮಗನಿಗೆ ಹದಿನಾಲ್ಕು ವರ್ಷವಾಗಿದ್ದಾಗ ತಂದೆ ತೀರಿಕೊಂಡನು. ಮಗನಿಗೆ ಉಳಿದದ್ದು ಜಮೀನು, ಗುಲಾಮರು, ಸುಮಾರು ನಲವತ್ತು ಪುಸ್ತಕಗಳು. ಆ ನಲವತ್ತು ಪುಸ್ತಕಗಳೇ ಅವನ ಗ್ರಂಥಭಂಡಾರದ ಬುನಾದಿಯಾದವು. ವಿಲಿಯಮ್ಸ್‌ಬರ್ಗಿನ ಕಾಲೇಜಿನಲ್ಲಿ ಓದಿ, ಜಾರ್ಜ್ ವೈದ್ ಎಂಬ ವಿದ್ವಾಂಸನ ಕೈಕೆಳಗೆ ಕಾಯಿದೆ ಕಲಿಯುತ್ತ ಆತ ಪುಸ್ತಕ ಕೊಳ್ಳುವ ಗೀಳು ಹಚ್ಚಿಕೊಂಡನು.

1770ರ ಫೆಬ್ರವರಿ 1ರಂದು ಶ್ಯಾಡ್‌ವೆಲ್ಲಿನ ಮನೆಗೆ ಬೆಂಕಿ ಬಿತ್ತು. ಅಷ್ಟರವರೆಗೆ ಕೂಡಿಸಿದ ಪುಸ್ತಕಗಳೂ ಕಾಗದಪತ್ರಗಳೂ ಬಹುಮಟ್ಟಿಗೆ ಬೂದಿಯಾದವು. ಪುಸ್ತಕಗಳ ಬದಲು ಅಷ್ಟೇ ಬೆಲೆಯ ಹಣ ಸುಟ್ಟುಹೋಗಿದ್ದರೆ ತನಗೆ ದುಃಖವಾಗುತ್ತಿರಲಿಲ್ಲವೆಂದು ಆತ ಗೆಳೆಯನೊಬ್ಬನಿಗೆ ಕಾಗದ ಬರೆದನು. ಆದರೆ ಕೈಕಟ್ಟಿ ಕೂರಲಿಲ್ಲ. 1773ರ ಆಗಸ್ಟಿನಲ್ಲಿ ಆತ ಎಣಿಸಿದಾಗ ಹೊಸ ಸಂಗ್ರಹದಲ್ಲಿ 1,256 ಸಂಪುಟಗಳಿದ್ದವು. ಮೂರೂವರೆ ವರ್ಷಗಳಲ್ಲಿ ಅಷ್ಟನ್ನು ಕೂಡಿಸಿದ್ದನು.

ಪ್ಯಾರಿಸ್ಸಿನ ಮಧ್ಯಾಹ್ನಗಳು

1776ರಲ್ಲಿ ಆತ ಸ್ವಾತಂತ್ರ್ಯ ಘೋಷಣೆಯ ಕರಡನ್ನು ಬರೆದನು. ಬಳಿಕ ವರ್ಜೀನಿಯಾದ ಗವರ್ನರನಾದನು. 1782ರಲ್ಲಿ ಹೆಂಡತಿ ಮಾರ್ತಾ ತೀರಿಕೊಂಡಳು. 1784ರಲ್ಲಿ ಹೊಸ ದೇಶದ ಪ್ರತಿನಿಧಿಯಾಗಿ ಆತ ಫ್ರಾನ್ಸಿಗೆ ಹೋದನು. ಅಲ್ಲಿದ್ದ ಐದು ವರ್ಷಗಳು ಅವನ ಪುಸ್ತಕ ಸಂಗ್ರಹದ ಸುಗ್ಗಿಯ ಕಾಲ. ಬಿಡುವಿದ್ದ ಮಧ್ಯಾಹ್ನಗಳಲ್ಲಿ ಪ್ಯಾರಿಸ್ಸಿನ ಪುಸ್ತಕದಂಗಡಿಗಳಿಗೆ ಹೋಗಿ, ಒಂದೊಂದೇ ಪುಸ್ತಕವನ್ನು ಕೈಯಾರೆ ತಿರುವಿ ನೋಡುತ್ತಿದ್ದನು. ಅಮೆರಿಕಕ್ಕೆ ಸಂಬಂಧಪಟ್ಟ ಯಾವ ಪುಸ್ತಕ ಕಂಡರೂ ಬಿಡುತ್ತಿರಲಿಲ್ಲ. ಆಮ್‌ಸ್ಟರ್‌ಡಾಮ್, ಫ್ರಾಂಕ್‌ಫರ್ಟ್, ಮ್ಯಾಡ್ರಿಡ್, ಲಂಡನ್ ಮೊದಲಾದ ಪಟ್ಟಣಗಳ ವ್ಯಾಪಾರಿಗಳಿಗೂ ಹೇಳಿಟ್ಟಿದ್ದನು. ಹೀಗೆ ಆ ಐದು ವರ್ಷಗಳಲ್ಲಿ ಸುಮಾರು 2,000 ಸಂಪುಟಗಳು ಸೇರಿದವು.

ಎರಡು ಕೈಗಳಿಂದ ಎತ್ತಬೇಕಾದ ದೊಡ್ಡ ಆಕಾರದ ಗ್ರಂಥಗಳಿಗಿಂತ, ಕೈಯಲ್ಲಿ ಹಿಡಿದು ಓದಬಹುದಾದ ಮಧ್ಯಮ ಆಕಾರದವೇ ಅವನಿಗೆ ಇಷ್ಟ. ಪುಸ್ತಕವಿರುವುದು ಓದುವುದಕ್ಕೆ ಎಂಬುದನ್ನು ಆತ ಮರೆಯಲಿಲ್ಲ.

ದೇಶಕ್ಕೆ ಕೊಟ್ಟ ಪುಸ್ತಕಗಳು

ಸ್ವದೇಶಕ್ಕೆ ಮರಳಿದ ಮೇಲೆ ಆತ ವಿದೇಶಾಂಗ ಮಂತ್ರಿ, ಉಪಾಧ್ಯಕ್ಷ, 1801ರಿಂದ 1809ರವರೆಗೆ ಅಧ್ಯಕ್ಷ, ಹೀಗೆ ಮೇಲಿನ ಮೆಟ್ಟಿಲುಗಳನ್ನೆಲ್ಲ ಹತ್ತಿದನು. ಆ ರಾಜಕೀಯದ ಕಥೆ ಇಲ್ಲಿ ಬೇಡ. ಅಧಿಕಾರ ಬಿಟ್ಟು ಮಾಂಟಿಸೆಲೊದಲ್ಲಿ ನೆಲೆಸಿದ್ದ ಅವನಿಗೆ 1814ರಲ್ಲಿ ಒಂದು ಸುದ್ದಿ ಬಂತು. ಆಗಸ್ಟ್ 24ರಂದು ಬ್ರಿಟಿಷ್ ಸೈನ್ಯ ವಾಷಿಂಗ್‌ಟನ್ ನಗರಕ್ಕೆ ನುಗ್ಗಿ ಸಂಸತ್ ಭವನವನ್ನು ಸುಟ್ಟಿತ್ತು. ಅದರೊಳಗಿದ್ದ ಸುಮಾರು 3,000 ಸಂಪುಟಗಳ ಗ್ರಂಥಾಲಯವೂ ಸುಟ್ಟುಹೋಗಿತ್ತು.

ಒಂದು ತಿಂಗಳು ಕಳೆಯುವ ಮೊದಲೇ ಜೆಫರ್ಸನ್ ತನ್ನ ಇಡೀ ಸಂಗ್ರಹವನ್ನು ಸಂಸತ್ತಿಗೆ ಕೊಡಲು ಮುಂದೆ ಬಂದನು. ಬೆಲೆಯನ್ನು ಅವರೇ ಕಟ್ಟಲಿ ಎಂದನು. ಸಂಸತ್ತಿನಲ್ಲಿ ದೊಡ್ಡ ಚರ್ಚೆ ನಡೆಯಿತು. ಪರಭಾಷೆಯ ಪುಸ್ತಕಗಳು ಹೆಚ್ಚೆಂದು ಕೆಲವರು, ದೇವರನ್ನು ನಂಬದವರ ಪುಸ್ತಕಗಳಿವೆಯೆಂದು ಕೆಲವರು ಆಕ್ಷೇಪಿಸಿದರು. ಶಾಸನ ಮಾಡುವವನಿಗೆ ಬೇಡವಾದ ವಿಷಯವೇ ಇಲ್ಲವೆಂಬುದು ಜೆಫರ್ಸನನ ವಾದ. ಕೊನೆಗೆ 1815ರ ಜನವರಿಯಲ್ಲಿ ಕೆಳಮನೆಯಲ್ಲಿ 81 ಮತಗಳು ಪರವಾಗಿ, 71 ವಿರೋಧವಾಗಿ ಬಿದ್ದು ಖರೀದಿ ಗೆದ್ದಿತು. ಬೆಲೆ ಕಟ್ಟಿದ ರೀತಿ ಕೇಳಿದರೆ ನಗು ಬರುತ್ತದೆ. ಪುಸ್ತಕದೊಳಗಿನ ವಿಷಯವನ್ನು ನೋಡದೆ ಆಕಾರವನ್ನು ನೋಡಿದರು. ಅತಿ ದೊಡ್ಡದಕ್ಕೆ 10 ಡಾಲರು, ಅದಕ್ಕಿಂತ ಚಿಕ್ಕದಕ್ಕೆ 6, ಮತ್ತೂ ಚಿಕ್ಕದಕ್ಕೆ 3, ಪುಟ್ಟದಕ್ಕೆ 1. ಅಂತೂ 6,487 ಸಂಪುಟಗಳಿಗೆ 23,950 ಡಾಲರು ಸಿಕ್ಕಿತು. ಬಂದ ಹಣದ ಬಹುಭಾಗ ಸಾಲ ತೀರಿಸಲು ಹೋಯಿತು. ಹತ್ತು ಗಾಡಿಗಳಲ್ಲಿ ಪುಸ್ತಕಗಳು ಗುಡ್ಡ ಇಳಿದು ಹೊರಟವು. ಇಂದು ಜಗತ್ತಿನ ಅತಿ ದೊಡ್ಡ ಗ್ರಂಥಾಲಯಗಳಲ್ಲಿ ಒಂದಾದ ಅಮೆರಿಕದ ಸಂಸತ್ ಗ್ರಂಥಾಲಯ ಆ ಹತ್ತು ಗಾಡಿಗಳ ಹೊರೆಯಿಂದ ಮರುಹುಟ್ಟು ಪಡೆಯಿತು.

ಪುಸ್ತಕಗಳ ಜೊತೆಗೆ ಅವುಗಳನ್ನು ಜೋಡಿಸುವ ಕ್ರಮವನ್ನೂ ಆತ ಕೊಟ್ಟನು. ಫ್ರಾನ್ಸಿಸ್ ಬೇಕನ್ ಹಾಕಿದ ದಾರಿಯನ್ನು ಹಿಡಿದು, ನೆನಪಿಗೆ ಸೇರಿದ ಚರಿತ್ರೆ, ವಿಚಾರಕ್ಕೆ ಸೇರಿದ ಶಾಸ್ತ್ರ, ಕಲ್ಪನೆಗೆ ಸೇರಿದ ಕಲೆ ಎಂದು ಮೂರು ಪಾಲು ಮಾಡಿ, ಅವುಗಳನ್ನು ಒಟ್ಟು 44 ಅಧ್ಯಾಯಗಳಾಗಿ ಒಡೆದಿದ್ದನು. ಖಾಲಿಯಾದ ಕಪಾಟುಗಳ ಎದುರು ಸುಮ್ಮನಿರುವುದು ಅವನಿಂದಾಗಲಿಲ್ಲ. ಎಪ್ಪತ್ತೆರಡರ ವಯಸ್ಸಿನಲ್ಲಿ ಮತ್ತೆ ಪುಸ್ತಕ ಕೊಳ್ಳತೊಡಗಿದನು.

ನಡುವೆ ಗ್ರಂಥಾಲಯವಿಟ್ಟ ವಿದ್ಯಾಪೀಠ

ಜನರಿಗೆ ವಿದ್ಯೆಯಿಲ್ಲದೆ ಜನರಾಜ್ಯ ಬಾಳದೆಂಬುದು ಜೆಫರ್ಸನನ ಹಳೆಯ ನಂಬಿಕೆ. 1779ರಷ್ಟು ಹಿಂದೆಯೇ, ಸ್ವತಂತ್ರ ಪ್ರಜೆಗಳ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಮೂರು ವರ್ಷ ಉಚಿತ ಶಿಕ್ಷಣ ಸಿಗಬೇಕೆಂಬ ಮಸೂದೆ ಅವನ ಕೈಯಿಂದ ಸಿದ್ಧವಾಗಿ ವರ್ಜೀನಿಯಾದ ಶಾಸನಸಭೆಯ ಮುಂದೆ ಬಂದಿತ್ತು. ಆ ಯೋಜನೆ ನಡೆಯಲಿಲ್ಲ. ಮುಪ್ಪಿನಲ್ಲಿ ಆತ ಮೇಲಿನ ಮೆಟ್ಟಿಲನ್ನಾದರೂ ಕಟ್ಟಲು ಹೊರಟನು. 1817ರ ಅಕ್ಟೋಬರ್ 6ರಂದು ಶಾರ್ಲಟ್ಸ್‌ವಿಲ್ ಪೇಟೆಯ ಬಳಿ ಅಡಿಗಲ್ಲು ಬಿತ್ತು. 1819ರ ಜನವರಿ 25ರಂದು ಅದು ವರ್ಜೀನಿಯಾ ವಿಶ್ವವಿದ್ಯಾನಿಲಯವೆಂದು ಶಾಸನಬದ್ಧವಾಯಿತು.

ಕಟ್ಟಡಗಳ ನಕ್ಷೆಯೂ ಅವನದೇ. ಆ ಕಾಲದ ಕಾಲೇಜುಗಳಲ್ಲಿ ಇಗರ್ಜಿಗೆ ಮುಖ್ಯ ಸ್ಥಾನ. ಜೆಫರ್ಸನ್ ಆ ಸ್ಥಾನದಲ್ಲಿ ಗ್ರಂಥಾಲಯವನ್ನು ಇಟ್ಟನು. ರೋಮಿನ ಪ್ಯಾಂಥಿಯನ್ ಮಂದಿರವನ್ನು ಅರ್ಧ ಅಳತೆಗೆ ಇಳಿಸಿ, ಮೇಲೆ ಗುಮ್ಮಟವಿರುವ ದುಂಡಗಿನ ಕಟ್ಟಡವನ್ನು ರೂಪಿಸಿ, ಆ ಗುಮ್ಮಟದ ಕೆಳಗಿನ ಕೋಣೆ ಪುಸ್ತಕಗಳಿಗೆಂದು ಗೊತ್ತುಮಾಡಿದನು. ಎರಡು ಬದಿಗಳಲ್ಲಿ ಅಧ್ಯಾಪಕರ ಮನೆಗಳು, ಅವುಗಳ ನಡುವೆ ವಿದ್ಯಾರ್ಥಿಗಳ ಕೋಣೆಗಳು. ಯಾರು ಬಾಗಿಲು ತೆರೆದರೂ ಆ ಗುಮ್ಮಟ ಕಣ್ಣಿಗೆ ಬೀಳಬೇಕು.

ಗೋಡೆ ಏಳುತ್ತಿತ್ತು, ಆದರೆ ಹಣವಿರಲಿಲ್ಲ. ಕಟ್ಟಡಕ್ಕೇ ಸಾಲದ ಹಣದಲ್ಲಿ ಪುಸ್ತಕ ಕೊಳ್ಳುವುದೆಲ್ಲಿಂದ ಬಂತು? ಆಗ ಒಳ್ಳೆಯ ಶಾಸ್ತ್ರಗ್ರಂಥಗಳು ಬಹುಮಟ್ಟಿಗೆ ಯುರೋಪಿನಿಂದಲೇ ಹಾಯಿಹಡಗಿನಲ್ಲಿ ಬರಬೇಕು. ಬಂದರಿನಲ್ಲಿ ಸರಕಾರ ಅವುಗಳ ಮೇಲೆ ಸುಂಕ ಹಾಕುತ್ತಿತ್ತು. 1821ರ ನವೆಂಬರಿನಲ್ಲಿ ವಿಶ್ವವಿದ್ಯಾನಿಲಯದ ಮಂಡಲಿಯ ಪರವಾಗಿ ಜೆಫರ್ಸನ್ ಸಂಸತ್ತಿಗೆ ಅರ್ಜಿ ಬರೆದು, ವಿದ್ಯೆಯ ಪುಸ್ತಕದ ಮೇಲೆ ಸುಂಕ ಹಾಕುವುದು ಸರಿಯಲ್ಲವೆಂದು ವಾದಿಸಿದನು. ದೇಶದ ಅಧ್ಯಕ್ಷನಾಗಿದ್ದವನು ಒಂದು ಹಳ್ಳಿಗಾಡಿನ ಕಾಲೇಜಿನ ಪುಸ್ತಕಗಳಿಗಾಗಿ ಅರ್ಜಿ ಹಿಡಿದು ನಿಂತ ಈ ಚಿತ್ರವೇ ನಮಗೆ ಅವನ ಅಧಿಕಾರದ ಕಾಲದ ಎಷ್ಟೋ ಚಿತ್ರಗಳಿಗಿಂತ ದೊಡ್ಡದಾಗಿ ಕಾಣುತ್ತದೆ.

6,860 ಸಂಪುಟಗಳ ಪಟ್ಟಿ

1824ರ ಮೇ ತಿಂಗಳಲ್ಲಿ ಫ್ರಾನ್ಸಿಸ್ ವಾಕರ್ ಗಿಲ್ಮರ್ ಎಂಬ ತರುಣ ವಕೀಲನನ್ನು ಬ್ರಿಟನ್ನಿಗೆ ಕಳುಹಿಸಲಾಯಿತು. ಅಧ್ಯಾಪಕರನ್ನು ಗೊತ್ತುಮಾಡುವುದು, ಜೊತೆಗೆ ಪುಸ್ತಕಗಳನ್ನೂ ಉಪಕರಣಗಳನ್ನೂ ಕೊಳ್ಳುವುದು ಅವನ ಕೆಲಸ. ಆತ ಐವರು ಅಧ್ಯಾಪಕರನ್ನು ಒಪ್ಪಿಸಿ, ಲಂಡನ್ನಿನ ವ್ಯಾಪಾರಿಗಳಲ್ಲಿ ಒಂದಷ್ಟು ಪುಸ್ತಕಗಳಿಗೂ ಏರ್ಪಾಡು ಮಾಡಿ ಬಂದನು. ಆದರೆ ಅದು ಮೊದಲ ಕಂತು ಮಾತ್ರ. ಗ್ರಂಥಾಲಯದ ಮುಖ್ಯ ಸಂಗ್ರಹಕ್ಕೆ ಜೆಫರ್ಸನ್ ಆರಿಸಿದ್ದು ಬೋಸ್ಟನ್ನಿನ ವಿಲಿಯಂ ಹಿಲಿಯರ್ಡ್ ಎಂಬ ಪುಸ್ತಕ ವ್ಯಾಪಾರಿಯನ್ನು. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಮುದ್ರಣಕಾರ್ಯ ಮಾಡಿ ಅನುಭವವಿದ್ದವನು ಆತ.

ಇನ್ನು ಪಟ್ಟಿ. ಯಾವ ಯಾವ ಪುಸ್ತಕ ಬೇಕು? ಇದನ್ನು ಜೆಫರ್ಸನ್ ತಾನೇ ಬರೆಯಲು ಕುಳಿತನು. ಆಗ ಅವನಿಗೆ ಎಂಬತ್ತು ದಾಟಿತ್ತು. ಪ್ಯಾರಿಸ್ಸಿನಲ್ಲಿ 1786ರಲ್ಲಿ ಮುರಿದ ಬಲಗೈ ಮಣಿಕಟ್ಟು ಸರಿಯಾಗಿ ಕೂಡಿರಲಿಲ್ಲ. 1822ರಲ್ಲಿ ಮೆಟ್ಟಿಲಿನಿಂದ ಬಿದ್ದು ಎಡಗೈಯೂ ಮುರಿದಿತ್ತು. ಆ ಕೈಗಳಿಂದಲೇ ಶೀರ್ಷಿಕೆ, ಗ್ರಂಥಕರ್ತ, ಆವೃತ್ತಿ, ಆಕಾರ ಎಂದು ಒಂದೊಂದನ್ನೇ ಹುಡುಕಿ ಬರೆದನು. ಮತಧರ್ಮಕ್ಕೆ ಸಂಬಂಧಿಸಿದ ಗ್ರಂಥಗಳ ಪಟ್ಟಿಯನ್ನು ಮಾಡಿಕೊಡುವಂತೆ 1824ರಲ್ಲಿ ಗೆಳೆಯ ಜೇಮ್ಸ್ ಮ್ಯಾಡಿಸನನನ್ನು ಕೇಳಿದನು. ಆತನೂ ಮಾಜಿ ಅಧ್ಯಕ್ಷನೇ. ಹೀಗೆ ಇಬ್ಬರು ಮಾಜಿ ಅಧ್ಯಕ್ಷರು ಒಂದು ಗ್ರಂಥಾಲಯಕ್ಕೆ ಪುಸ್ತಕದ ಹೆಸರು ಬರೆಯುವ ಗುಮಾಸ್ತರಾದರು. 1825ರ ಜೂನ್ 3ರಂದು ಪಟ್ಟಿ ಹಿಲಿಯರ್ಡನಿಗೆ ಹೋಯಿತು. ಅದರಲ್ಲಿ 6,860 ಸಂಪುಟಗಳಿದ್ದವು. ಅಂದಾಜು ಬೆಲೆ 24,076 ಡಾಲರು. ಹತ್ತು ವರ್ಷಗಳ ಹಿಂದೆ ತನ್ನ ಮನೆಯಿಂದ ಹೊರಟ ಪುಸ್ತಕಗಳ ಲೆಕ್ಕವೂ ಸುಮಾರು ಇಷ್ಟೇ ಆಗಿತ್ತೆಂಬುದನ್ನು ವಾಚಕರು ಗಮನಿಸಿರಬಹುದು. ಬಾಳಿನಲ್ಲಿ ಒಮ್ಮೆ ಕಟ್ಟಿದ್ದನ್ನು ಆತ ಕಾಗದದ ಮೇಲೆ ಇನ್ನೊಮ್ಮೆ ಕಟ್ಟಿದನು.

ಪಟ್ಟಿಗೆ ಆತ ಕೆಲವು ನಿಯಮಗಳನ್ನೂ ಬರೆದು ಸೇರಿಸಿದ್ದನು. ಶಾಲೆಗೆ ಪುಸ್ತಕ ತರಿಸುವ ಯಾರಿಗಾದರೂ ಅವು ಇಂದಿಗೂ ಉಪಯುಕ್ತ. ಹೆಸರಾಂತ ದೊಡ್ಡ ಗ್ರಂಥಗಳು, ಒಬ್ಬೊಬ್ಬರೇ ಕೊಳ್ಳಲಾರದಷ್ಟು ಬೆಲೆಯವು, ಎಲ್ಲರ ಉಪಯೋಗಕ್ಕೆ ಸಾರ್ವಜನಿಕ ಗ್ರಂಥಾಲಯದಲ್ಲಿರಬೇಕು ಎಂಬುದು ಮೊದಲನೆಯದು. ಒಂದು ಶಾಸ್ತ್ರದಲ್ಲಿ ಇಂದಿನ ಉತ್ತಮ ಪುಸ್ತಕ ಮಾತ್ರ ಸಾಲದು, ಅದರದರ ಕಾಲದಲ್ಲಿ ಒಳ್ಳೆಯದೆನಿಸಿದ್ದೂ ಇರಬೇಕು, ಆಗಲೇ ಶಾಸ್ತ್ರ ಬೆಳೆದುಬಂದ ದಾರಿ ತಿಳಿಯುವುದು ಎಂಬುದು ಎರಡನೆಯದು. ಒಂದು ವಿಷಯದಲ್ಲಿ ಒಳ್ಳೆಯ ಪುಸ್ತಕವೇ ಇಲ್ಲದಿದ್ದರೆ ಸಾಧಾರಣದ್ದಾದರೂ ಇರಲಿ, ಆ ಜಾಗ ಖಾಲಿ ಬೀಳುವುದು ಬೇಡ ಎಂಬ ವಿವೇಕವೂ ಅಲ್ಲಿದೆ. ಅಪರೂಪದ ಭಾಷೆಗಳ ಪುಸ್ತಕಗಳನ್ನು, ಒಳಗಿನ ವಿಷಯ ಏನೇ ಇರಲಿ, ಆ ಭಾಷೆಯ ಮಾದರಿಗಳೆಂದು ಭಾಷಾಶಾಸ್ತ್ರದ ವಿಭಾಗದಲ್ಲಿ ಇಡಬೇಕೆಂದು ಸೂಚಿಸಿದ್ದನು. ಓದುವವರು ಯಾರೂ ಇಲ್ಲವೆಂಬ ನೆಪ ಹೇಳಿ ಒಂದು ಭಾಷೆಯ ಪುಸ್ತಕಕ್ಕೆ ಬಾಗಿಲು ಹಾಕಲಿಲ್ಲ.

ಬರೇ ಮನರಂಜನೆಯ ಪುಸ್ತಕಗಳು ಗ್ರಂಥಾಲಯಕ್ಕೆ ಹೊರೆಯಾಗಬಾರದೆಂದೂ ಒಂದು ನಿಯಮವಿತ್ತು. ಇದನ್ನು ನಾವು ಒಪ್ಪಲಾರೆವು. ಕಥೆ ಓದುತ್ತ ಓದುತ್ತಲೇ ಮಕ್ಕಳು ಶಾಸ್ತ್ರದ ಕಪಾಟಿನವರೆಗೆ ಬರುವುದನ್ನು ದಿನಾಲೂ ನೋಡುವವರು ನಾವು. ಜೆಫರ್ಸನನೇ ತರುಣನಾಗಿದ್ದಾಗ, 1771ರಲ್ಲಿ, ಪರಿಚಿತನೊಬ್ಬನಿಗೆ ಮಾಡಿಕೊಟ್ಟ ಪುಸ್ತಕದ ಪಟ್ಟಿಯಲ್ಲಿ ಕಾದಂಬರಿ ನಾಟಕಗಳನ್ನು ಧಾರಾಳವಾಗಿ ಸೇರಿಸಿ, ಕಟ್ಟುಕಥೆಯೂ ಮನಸ್ಸನ್ನು ತಿದ್ದಬಲ್ಲದೆಂದು ಸಮರ್ಥಿಸಿದ್ದನು. ಹಣದ ಕೊರತೆ ಮುದುಕನನ್ನು ಬಿಗಿಯಾಗಿಸಿರಬೇಕು.

ಇನ್ನೊಂದು ಸಂಗತಿ ನಮ್ಮ ವಾಚಕರಿಗೆ ರುಚಿಸೀತು. ಹೊಸ ವಿದ್ಯಾಪೀಠದಲ್ಲಿ ಗ್ರೀಕ್, ಲ್ಯಾಟಿನ್, ಫ್ರೆಂಚ್, ಜರ್ಮನ್ ಭಾಷೆಗಳ ಜೊತೆಗೆ ಆಂಗ್ಲೊ-ಸ್ಯಾಕ್ಸನ್ ಭಾಷೆಯನ್ನೂ ಕಲಿಸಬೇಕೆಂದು ಆತ ಹಟ ಹಿಡಿದನು. ನಮಗೆ ಹಳಗನ್ನಡವಿದ್ದಂತೆ ಇಂಗ್ಲಿಷರಿಗೆ ಆ ಹಳೆಯ ಭಾಷೆ. ಕಾಯಿದೆಯ ವಿದ್ಯಾರ್ಥಿಯಾಗಿದ್ದಾಗ ಹಳೆಯ ಶಾಸನಗಳ ಮಾತು ತಿಳಿಯಲೆಂದು ಅದನ್ನು ಕಲಿತಿದ್ದನು. ತಮ್ಮ ನುಡಿಯ ಬೇರು ಎಲ್ಲಿದೆಯೆಂದು ಎಳೆಯರಿಗೆ ತಿಳಿದಿರಬೇಕೆಂಬುದು ಅವನ ಆಸೆ. ಆದುದರಿಂದ ಪುಸ್ತಕ ಸಂಗ್ರಹದಲ್ಲಿ ಅದಕ್ಕೂ ಸ್ಥಾನ ದೊರೆಯಿತು.

ಪೆಟ್ಟಿಗೆಗಳು ಬಂದವು

1825ರ ಮಾರ್ಚ್ 7ರಂದು ತರಗತಿಗಳು ಆರಂಭವಾದವು. ಗುಮ್ಮಟದ ಕಟ್ಟಡ ಇನ್ನೂ ಮುಗಿದಿರಲಿಲ್ಲ. ಬಂದ ಪುಸ್ತಕಗಳನ್ನು ಅಧ್ಯಾಪಕರ ಮನೆಗಳ ಸಾಲಿನ ಒಂದು ಕಟ್ಟಡದಲ್ಲಿ ತಾತ್ಕಾಲಿಕವಾಗಿ ಇಟ್ಟರು. ಹಿಲಿಯರ್ಡನ ಪೆಟ್ಟಿಗೆಗಳು ಒಂದರ ಹಿಂದೆ ಒಂದರಂತೆ ಬರುತ್ತಿದ್ದವು. ಕಟ್ಟಡದ ಕೆಲಸ ಬೇಗ ಮುಗಿಯಲೆಂದು ಜೆಫರ್ಸನ್ ಅವಸರಪಡಿಸುತ್ತಿದ್ದನು. 1826ರ ಜನವರಿ 30ರಂದು ವಿಲಿಯಂ ವರ್ಟೆನ್‌ಬೇಕರ್ ಎಂಬ ಕಾಯಿದೆಯ ವಿದ್ಯಾರ್ಥಿಯನ್ನು ಗ್ರಂಥಪಾಲನಾಗಿ ನೇಮಿಸಿದನು. ನಡುನಡುವೆ ಬಿಟ್ಟರೂ ಆತ ಮುಂದೆ ಹಲವು ದಶಕಗಳ ಕಾಲ ಅದೇ ಗ್ರಂಥಾಲಯದಲ್ಲಿ ಕೆಲಸ ಮಾಡಿದನು. ಆ ವರ್ಷ ಅಲ್ಲಿ ಓದುತ್ತಿದ್ದ ಹದಿನೇಳರ ಹುಡುಗನೊಬ್ಬ ಚರಿತ್ರೆಯ ಪುಸ್ತಕಗಳನ್ನು ಎರವಲು ಒಯ್ದ ದಾಖಲೆ ಉಳಿದಿದೆ. ಅವನೇ ಮುಂದೆ ಪ್ರಸಿದ್ಧ ಕಥೆಗಾರನೂ ಕವಿಯೂ ಆದ ಎಡ್ಗರ್ ಅಲನ್ ಪೋ.

1826ರ ಜುಲೈ 4ರಂದು, ಸ್ವಾತಂತ್ರ್ಯ ಘೋಷಣೆಯ ಐವತ್ತನೆಯ ವರ್ಷದ ದಿನವೇ, ಜೆಫರ್ಸನ್ ಕಣ್ಣುಮುಚ್ಚಿದನು. ತನ್ನ ಎಲ್ಲ ಪುಸ್ತಕಗಳೂ ಗುಮ್ಮಟದ ಕೆಳಗೆ ಕಪಾಟು ಸೇರಿ ನಿಂತದ್ದನ್ನು ನೋಡುವ ಭಾಗ್ಯ ಅವನಿಗೆ ದೊರೆಯಲಿಲ್ಲ.

ಓದಬಾರದೆಂದವರು

ಮನೆಯಲ್ಲಿ ಉಳಿದ ತನ್ನ ಪುಸ್ತಕಗಳೂ ವಿಶ್ವವಿದ್ಯಾನಿಲಯಕ್ಕೆ ಸೇರಲೆಂದು ಆತ ಮರಣಪತ್ರದಲ್ಲಿ ಬರೆದಿದ್ದನು. ಆದರೆ ಒಂದು ಲಕ್ಷ ಡಾಲರಿಗೂ ಮಿಕ್ಕಿದ ಸಾಲವನ್ನು ಬಿಟ್ಟುಹೋಗಿದ್ದನು. 1829ರಲ್ಲಿ ಆ ಪುಸ್ತಕಗಳು ಹರಾಜಿಗೆ ಹೋಗಿ ಚೆದರಿದವು. ಅದಕ್ಕೂ ಮೊದಲು, 1827ರ ಜನವರಿಯಲ್ಲಿ, ಮನುಷ್ಯರೂ ಹರಾಜಾದರು.

ಈ ಮಾತನ್ನು ಮುಚ್ಚಿಡುವುದು ಸರಿಯಲ್ಲ. ಮನುಷ್ಯರೆಲ್ಲ ಸಮಾನರೆಂದು ಬರೆದ ಜೆಫರ್ಸನ್ ತನ್ನ ಬಾಳಿನಲ್ಲಿ ಒಟ್ಟು ಆರುನೂರಕ್ಕೂ ಹೆಚ್ಚು ಗುಲಾಮರ ಒಡೆಯನಾಗಿದ್ದನು. ಅವನ ಮನೆಯ ಗುಲಾಮಳಾಗಿದ್ದ ಸ್ಯಾಲಿ ಹೆಮಿಂಗ್ಸಳ ಮಕ್ಕಳಿಗೆ ಅವನೇ ತಂದೆಯೆಂದು ಇಂದಿನ ಹೆಚ್ಚಿನ ಇತಿಹಾಸಕಾರರು ಒಪ್ಪುತ್ತಾರೆ. ವಿಶ್ವವಿದ್ಯಾನಿಲಯದ ನೆಲವನ್ನು ಸಮ ಮಾಡಿ, ಇಟ್ಟಿಗೆ ಸುಟ್ಟು, ಗೋಡೆ ಎಬ್ಬಿಸಿದವರಲ್ಲಿ ಗುಲಾಮರು ಬಹಳ ಮಂದಿ ಇದ್ದರು. ಆ ಗ್ರಂಥಾಲಯದ ಒಂದು ಪುಸ್ತಕವನ್ನು ಬಿಡಿಸಿ ಓದುವ ಹಕ್ಕು ಅವರಿಗಿರಲಿಲ್ಲ.

ಮಾಂಟಿಸೆಲೊದ ಕಮ್ಮಾರ ಜೋಸೆಫ್ ಫಾಸೆಟ್. ಜೆಫರ್ಸನ್ ಮರಣಪತ್ರದಲ್ಲಿ ಬಿಡುಗಡೆ ಮಾಡಿದ ಐವರಲ್ಲಿ ಈತನೂ ಒಬ್ಬ. ಆದರೆ ಅವನ ಹೆಂಡತಿ ಮಕ್ಕಳಿಗೆ ಬಿಡುಗಡೆಯಿರಲಿಲ್ಲ. ಮಗ ಪೀಟರನಿಗೆ ಆಗ ಹನ್ನೊಂದು ವರ್ಷ. ಜೆಫರ್ಸನನ ಮೊಮ್ಮಗನೊಬ್ಬನಿಂದ ಅಕ್ಷರ ಕಲಿಯತೊಡಗಿದ್ದ ಹುಡುಗ. ಹರಾಜಿನಲ್ಲಿ ಅವನನ್ನು ಕೊಂಡ ಒಡೆಯ ಒಂದು ದಿನ ಅವನ ಕೈಯಲ್ಲಿ ಪುಸ್ತಕವನ್ನು ಕಂಡನು. ಅದನ್ನು ಕಿತ್ತು ಬೆಂಕಿಗೆ ಎಸೆದು, ಇನ್ನೊಮ್ಮೆ ಪುಸ್ತಕ ಮುಟ್ಟಿದರೆ ಬೆನ್ನಿಗೆ ಮೂವತ್ತೊಂಬತ್ತು ಛಡಿಯೇಟು ಎಂದು ಹೆದರಿಸಿದನು. ಪೀಟರ್ ಬಿಡಲಿಲ್ಲ. ಕದ್ದು ಕಲಿತನು, ಜೊತೆಯವರಿಗೂ ಕಲಿಸಿದನು. ಓಡಿಹೋಗಲು ನೋಡಿ ಸಿಕ್ಕಿಬಿದ್ದು, 1850ರಲ್ಲಿ ಮತ್ತೆ ಮಾರಾಟಕ್ಕೆ ನಿಂತನು. ಆಗ ಬಂಧುಮಿತ್ರರು ಹಣ ಕೂಡಿಸಿ ಬಿಡಿಸಿಕೊಂಡರು. ಸಿನ್‌ಸಿನಾಟಿ ಪಟ್ಟಣದಲ್ಲಿ ಧರ್ಮಬೋಧಕನಾಗಿ ಬಾಳಿ, ತನ್ನ ಕಥೆಯನ್ನು ಮುಪ್ಪಿನಲ್ಲಿ ತಾನೇ ಲೋಕಕ್ಕೆ ತಿಳಿಸಿ, 1901ರಲ್ಲಿ ತೀರಿಕೊಂಡನು.

ಈ ಕಥೆಯಲ್ಲಿ ಎಷ್ಟೋ ಬೆಂಕಿಗಳಿವೆ. ಶ್ಯಾಡ್‌ವೆಲ್ಲಿನದು ಒಂದು, ವಾಷಿಂಗ್‌ಟನ್ನಿನದು ಇನ್ನೊಂದು. 1851ರಲ್ಲಿ ಸಂಸತ್ ಗ್ರಂಥಾಲಯಕ್ಕೆ ಮತ್ತೆ ಬೆಂಕಿ ಬಿದ್ದು ಜೆಫರ್ಸನ್ ಕೊಟ್ಟ ಪುಸ್ತಕಗಳಲ್ಲಿ ಮೂರರಲ್ಲಿ ಎರಡು ಪಾಲು ನಾಶವಾಯಿತು. 1895ರ ಅಕ್ಟೋಬರ್ 27ರಂದು ವಿಶ್ವವಿದ್ಯಾನಿಲಯದ ಗುಮ್ಮಟವೂ ಸುಟ್ಟಿತು. ವಿದ್ಯಾರ್ಥಿಗಳು ಒಳಗೆ ನುಗ್ಗಿ ಹೊರಗೆ ತಂದು ಉಳಿಸಿದ್ದು ಸುಮಾರು 17,000 ಸಂಪುಟಗಳನ್ನು. ಆದರೂ ನಮ್ಮ ಮನಸ್ಸಿನಲ್ಲಿ ಆರದೆ ಉರಿಯುವುದು ಆ ಹುಡುಗನ ಒಂದು ಪುಸ್ತಕವನ್ನು ಸುಟ್ಟ ಒಲೆಯ ಬೆಂಕಿಯೇ.

ಸುಟ್ಟ ಗ್ರಂಥಾಲಯಗಳನ್ನು ಮತ್ತೆ ಕಟ್ಟಿದರು. ಬಾಗಿಲು ತೆರೆಯುವುದಕ್ಕೆ ಹೆಚ್ಚು ಕಾಲ ಹಿಡಿಯಿತು. ಗ್ರೆಗರಿ ಸ್ವಾನ್‌ಸನ್ ಎಂಬ ಕರಿಯ ವಕೀಲ ನ್ಯಾಯಾಲಯದಲ್ಲಿ ಗೆದ್ದು ಅಲ್ಲಿ ವಿದ್ಯಾರ್ಥಿಯಾಗಿ ಸೇರಿದ್ದು 1950ರಲ್ಲಿ. ಅಂದರೆ ಪಾಠ ಆರಂಭವಾದ ನೂರ ಇಪ್ಪತ್ತೈದು ವರ್ಷಗಳ ಮೇಲೆ. ಅಲ್ಲಿ ದುಡಿದ ಸುಮಾರು 4,000 ಗುಲಾಮರ ಸ್ಮಾರಕವೊಂದು ಅದೇ ಆವರಣದಲ್ಲಿ 2020ರಲ್ಲಿ ಸಿದ್ಧವಾಯಿತು.

ಜೆಫರ್ಸನನ ಬಾಳಿನಿಂದ ನಾವು ಎರಡು ಪಾಠಗಳನ್ನು ತೆಗೆದುಕೊಳ್ಳಬಹುದು. ಪುಸ್ತಕಗಳು ತಾವಾಗಿ ಬಂದು ಕಪಾಟು ಸೇರುವುದಿಲ್ಲ, ಯಾರೋ ಒಬ್ಬರು ಕುಳಿತು ಪಟ್ಟಿ ಬರೆಯಬೇಕು, ಅರ್ಜಿ ಹಾಕಬೇಕು, ಮತ್ತೆ ಮತ್ತೆ ನೆನಪಿಸಬೇಕು ಎಂಬುದು ಒಂದು. ಪಟ್ಟಿ ಬರೆಯುವಾಗ, ಊರಿನ ಯಾವ ಮಗು ಇನ್ನೂ ಬಾಗಿಲ ಹೊರಗೆ ನಿಂತಿದೆಯೆಂದು ನೋಡಬೇಕು ಎಂಬುದು ಇನ್ನೊಂದು. ಮೊದಲನೆಯದನ್ನು ಆತ ಮಾಡಿ ತೋರಿಸಿದನು. ಎರಡನೆಯದನ್ನು ಅವನಿಂದಲ್ಲ, ಪೀಟರ್ ಫಾಸೆಟನಿಂದ ಕಲಿಯಬೇಕು.

ನಮ್ಮ ಅನೇಕ ಮನೆಗಳ ಅಟ್ಟಗಳಲ್ಲಿ ಹಿರಿಯರು ಕೊಂಡಿಟ್ಟ ಕನ್ನಡ ಪುಸ್ತಕಗಳಿವೆ. ಮಳೆಗಾಲದ ತೇವಕ್ಕೂ ಗೆದ್ದಲಿಗೂ ಅವು ಬಲಿಯಾಗುವ ಮೊದಲು, ಈ ರಜೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಅವುಗಳ ಒಂದು ಪಟ್ಟಿ ಮಾಡಬಾರದೇ? ಓದಿ ಮುಗಿದವನ್ನು ಹತ್ತಿರದ ಕನ್ನಡ ಶಾಲೆಗೆ ಮುಟ್ಟಿಸಬಾರದೇ? ಆರು ಸಾವಿರ ಬೇಡ, ಅರುವತ್ತಾದರೂ ಸಾಕು.